ಕಾಲೇಜಿನ ಹೆಸರಿಗೆ 20 ಲಕ್ಷ ಸಾಲವೇ?

ಪ್ರಶ್ನೆ: ಮಗನಿಗೆ ಸಿಇಟಿಯಲ್ಲಿ ಸಾಧಾರಣ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಸಿಗುತ್ತದೆ. ಹೆಸರಾಂತ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗೆ 20 ಲಕ್ಷ ಸಾಲ ಮಾಡೋಣ ಅಂತಾರೆ ಮನೆಯವರು. ಸಂಬಳ ಅಷ್ಟು ಹೆಚ್ಚು ಬರುತ್ತದೆಯೇ?
– ಒಬ್ಬ ತಾಯಿ, ಬೇಗೂರು

ಉತ್ತರ: ಅಮ್ಮಾ, ಮೊದಲು ಲೆಕ್ಕ ಹಾಕೋಣ. 20 ಲಕ್ಷಕ್ಕೆ ಶೇ 10ರ ಬಡ್ಡಿಯಂತೆ 10 ವರ್ಷದ ಕಂತು ತಿಂಗಳಿಗೆ ಸುಮಾರು 26,400 ರೂಪಾಯಿ; ಓದುವ ಕಾಲದ ಬಡ್ಡಿ ಬೇರೆ. ಸಂಬಳದ ವ್ಯತ್ಯಾಸ ಇದನ್ನು ದಾಟದಿದ್ದರೆ ಆ ಹೆಸರು ನಷ್ಟದ ಬಾಬ್ತು.

ಫ್ಲೆಕ್ಸ್‌ನಲ್ಲಿ ಹಾಕುವ ‘ಅತಿ ಹೆಚ್ಚು ಪ್ಯಾಕೇಜ್’ ಒಬ್ಬ ಹುಡುಗನದು. ಕೇಂದ್ರ ಸರ್ಕಾರದ ಶ್ರೇಯಾಂಕ ಪಟ್ಟಿ ಎನ್‌ಐಆರ್‌ಎಫ್‌ಗೆ ಕಾಲೇಜುಗಳು ಕೊಡುವ ಮಾಹಿತಿಯಲ್ಲಿ ಮಧ್ಯಾಂಕ ಸಂಬಳವಿರುತ್ತದೆ, ಅಂದರೆ ಸಾಲಿನ ನಡುವೆ ನಿಂತವನ ಸಂಬಳ. ಅದನ್ನು ನೋಡಿ.

ಅಮೆರಿಕದ ಸಂಶೋಧಕರಾದ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಮಾನ ಸಾಮರ್ಥ್ಯದವರು ಎಲ್ಲಿ ಓದಿದರೂ ಮುಂದಿನ ಗಳಿಕೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಬಡ ಕುಟುಂಬದ ಮಕ್ಕಳಿಗೆ ಮಾತ್ರ ಒಳ್ಳೆಯ ಕಾಲೇಜು ನೆರವಾಗಿತ್ತು. ಪರಿಚಯ, ಶಿಫಾರಸು ಅವರಿಗೆ ಮನೆಯಲ್ಲಿ ಸಿಗುವುದಿಲ್ಲವಲ್ಲ! ಅಲ್ಲಿನ ಮಾತು ಇಲ್ಲಿಗೆ ಹಾಗೇ ಹೊಂದದು. ನಮ್ಮಲ್ಲಿ ಕ್ಯಾಂಪಸ್‌ಗೆ ಯಾವ ಕಂಪನಿ ಬರುತ್ತದೆ ಎಂಬುದೂ ಮುಖ್ಯ. ಆದರೆ ಆ ಅನುಕೂಲ ಮೊದಲ ಕೆಲಸಕ್ಕೆ. ಮುಂದೆ ಕೇಳುವುದು ಕೆಲಸದ ಕೌಶಲವನ್ನೇ.

ಸಾಲವಿಲ್ಲದೆ ಹೆಸರಾಂತ ಕಾಲೇಜು ಬೇಕೆಂದರೆ, ಸಿಇಟಿಯ ಆಪ್ಷನ್ ಎಂಟ್ರಿಯಲ್ಲಿ 1917ರಲ್ಲಿ ವಿಶ್ವೇಶ್ವರಯ್ಯನವರು ಆರಂಭಿಸಿದ, ಕೆ.ಆರ್. ವೃತ್ತದ ಯುವಿಸಿಇಯ ಬೇರೆ ಬ್ರ್ಯಾಂಚ್‌ಗಳನ್ನೂ ಸೇರಿಸಿ. ಅದೂ ಸಿಗದಿದ್ದರೆ ಸಿಇಟಿ ಸೀಟೇ ಇರಲಿ. ಸಾಲದ ಹೊರೆ ಇಲ್ಲದ ಹುಡುಗ ಕಡಿಮೆ ಸಂಬಳದ, ಕಲಿಯಲು ಸಿಗುವ ಕೆಲಸವನ್ನೂ ಧೈರ್ಯವಾಗಿ ಒಪ್ಪಬಲ್ಲ.