ಹೊರಗಿನ ರಕ್ತ ಬೇಡ ಎನ್ನುವ ಮುನ್ನ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ರಕ್ತದ ಬಗ್ಗೆಯೇ ಇವೆ. ಹಾಗಾಗಿ ಸಕ್ಕರೆ ಕಾಯಿಲೆ, ಥೈರಾಯ್ಡ್ ಪ್ರಶ್ನೆಗಳನ್ನು ಮುಂದಕ್ಕೆ ಹಾಕಿದ್ದೇನೆ. ಆ ಓದುಗರು ಬೇಸರಿಸಬಾರದು.

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಸೊಂಟದ ಕೀಲು ಬದಲಿಸುವ ಆಪರೇಷನ್‌ಗೆ ದಿನ ಗೊತ್ತಾಗಿದೆ. ಎರಡು ಯೂನಿಟ್ ರಕ್ತ ಸಿದ್ಧ ಮಾಡಿಕೊಳ್ಳಿ ಎಂದಿದ್ದಾರೆ. ಯಾರದೋ ಏನೋ, ಹೊರಗಿನ ರಕ್ತ ಬೇಡ ಎಂದು ಅಪ್ಪ ಹಟ ಹಿಡಿದಿದ್ದಾರೆ. ನನ್ನದೂ ತಮ್ಮನದೂ ಅಪ್ಪನ ಗುಂಪೇ. ನಮ್ಮ ರಕ್ತವನ್ನೇ ಹಾಕಿಸಬಹುದಲ್ಲವೇ?
– ಓದುಗರು, ಹಾಸನ

ಉತ್ತರ: ನೀವಿಬ್ಬರೂ ಖಂಡಿತ ರಕ್ತ ಕೊಡಿ. ಆದರೆ ಅದು ಬ್ಲಡ್ ಬ್ಯಾಂಕಿಗೆ ಹೋಗಲಿ, ಅಪ್ಪನಿಗೆ ಹೊರಗಿನ ರಕ್ತವೇ ಬರಲಿ. ಮಗನ ರಕ್ತ ಅಪ್ಪನಿಗೆ ಹೆಚ್ಚು ಒಗ್ಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ವೈದ್ಯಕೀಯವಾಗಿ ನೋಡಿದರೆ ವಿಷಯ ಇದಕ್ಕೆ ತದ್ವಿರುದ್ಧ.

ರಕ್ತದ ಚೀಲದಲ್ಲಿ ಕೆಂಪು ಕಣಗಳ ಜೊತೆ ದಾನಿಯ ಬಿಳಿ ರಕ್ತಕಣಗಳೂ ಇರುತ್ತವೆ. ಅಪರಿಚಿತರ ಬಿಳಿ ಕಣಗಳು ಒಳಗೆ ಬಂದರೆ ರೋಗಿಯ ದೇಹ ಅವು ಪರಕೀಯ ಎಂದು ಗುರುತಿಸಿ ನಾಶ ಮಾಡುತ್ತದೆ. ಮಗನ ಕಣಗಳಲ್ಲಿ ಅರ್ಧ ಗುರುತು ತಂದೆಯದೇ ಆಗಿರುವುದರಿಂದ, ಕೆಲವೊಮ್ಮೆ ತಂದೆಯ ದೇಹ ಅವನ್ನು ತನ್ನವೇ ಎಂದು ಸುಮ್ಮನೆ ಬಿಟ್ಟುಬಿಡುತ್ತದೆ. ಹಾಗೆ ಉಳಿದುಕೊಂಡ ಕಣಗಳು ಅಲ್ಲೇ ವೃದ್ಧಿಯಾಗಿ ಚರ್ಮ, ಯಕೃತ್ತು, ಕರುಳು, ಅಸ್ಥಿಮಜ್ಜೆಗಳ ಮೇಲೆ ದಾಳಿ ಮಾಡುತ್ತವೆ. ಇದು ತೀರಾ ಅಪರೂಪ, ಆದರೆ ಬಂದರೆ ಉಳಿಯುವವರು ವಿರಳ. ರಕ್ತದ ಚೀಲವನ್ನು ವಿಕಿರಣಕ್ಕೆ ಒಡ್ಡಿದರೆ ಈ ಅಪಾಯ ತಪ್ಪುತ್ತದೆ. ಆ ಯಂತ್ರ ಇರುವುದು ಕೆಲವು ದೊಡ್ಡ ಕೇಂದ್ರಗಳಲ್ಲಿ ಮಾತ್ರ. ಮಕ್ಕಳಾಗುವ ವಯಸ್ಸಿನ ಹೆಂಡತಿಗೆ ಗಂಡನ ರಕ್ತ ಹಾಕಿಸಬಾರದು ಎನ್ನುವುದಕ್ಕೂ ಕಾರಣವಿದೆ: ಗಂಡನ ರಕ್ತದ ಗುರುತುಗಳ ವಿರುದ್ಧ ಆಕೆಯಲ್ಲಿ ಪ್ರತಿಕಾಯ ಹುಟ್ಟಿದರೆ, ಮುಂದೆ ಹೊಟ್ಟೆಯಲ್ಲಿ ಬೆಳೆಯುವ ಮಗುವಿಗೆ ಅದು ತೊಂದರೆ ಕೊಡಬಲ್ಲದು.

ಇನ್ನು ತಂದೆಯವರ ನಿಜವಾದ ಭಯ, ಸೋಂಕಿನದು. ಈ ಭಯ ಆಧಾರವಿಲ್ಲದ್ದಲ್ಲ, ಒಂದು ಕಾಲದಲ್ಲಿ ನಿಜವೇ ಆಗಿತ್ತು. ದುಡ್ಡಿಗಾಗಿ ರಕ್ತ ಮಾರುವವರನ್ನೇ ನಮ್ಮ ದೇಶದ ಆಸ್ಪತ್ರೆಗಳು ದಶಕಗಳ ಕಾಲ ನೆಚ್ಚಿಕೊಂಡಿದ್ದವು. 1996ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ 1998ರ ಜನವರಿ 1ರಿಂದ ರಕ್ತ ಮಾರಾಟ ನಿಂತಿತು. ಇಂದು ಪ್ರತಿ ಚೀಲಕ್ಕೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಎಂಬ ಐದು ಪರೀಕ್ಷೆಗಳು ಕಡ್ಡಾಯ. ಆಸ್ಪತ್ರೆ ನಿಮ್ಮಿಂದ ಪಡೆಯುವ ಹಣ ರಕ್ತದ ಬೆಲೆಯಲ್ಲ, ಈ ಪರೀಕ್ಷೆ ಮತ್ತು ಸಂಸ್ಕರಣೆಯ ಶುಲ್ಕ.

ಪರೀಕ್ಷೆಗೂ ಒಂದು ಮಿತಿ ಇದೆ. ಸೋಂಕು ತಗುಲಿದ ದಿನವೇ ಅದು ಪರೀಕ್ಷೆಯಲ್ಲಿ ಕಾಣುವುದಿಲ್ಲ. ಎಚ್‌ಐವಿಯನ್ನು ಪ್ರತಿಕಾಯದ ಮೂಲಕ ಹುಡುಕಿದರೆ ಸುಮಾರು ಮೂರು ವಾರ ಬೇಕು. ವೈರಸ್ಸಿನ ಆನುವಂಶಿಕ ವಸ್ತುವನ್ನೇ ಹುಡುಕುವ ‘ನ್ಯಾಟ್’ ಪರೀಕ್ಷೆಯಲ್ಲಿ ಆ ಅವಧಿ ಹತ್ತು ಹನ್ನೆರಡು ದಿನಕ್ಕೆ ಇಳಿಯುತ್ತದೆ. ಹೆಪಟೈಟಿಸ್ ಸಿಗೆ ಇದರ ಲಾಭ ಇನ್ನೂ ದೊಡ್ಡದು: ಎರಡು ತಿಂಗಳಿನ ಕಾಯುವಿಕೆ ಒಂದು ವಾರದ ಆಸುಪಾಸಿಗೆ ಬರುತ್ತದೆ. ನ್ಯಾಟ್ ಎಲ್ಲ ಬ್ಲಡ್ ಬ್ಯಾಂಕುಗಳಲ್ಲೂ ಇಲ್ಲ. ನಿಮ್ಮ ಆಸ್ಪತ್ರೆ ಎಲ್ಲಿಂದ ರಕ್ತ ತರಿಸುತ್ತದೆ, ಅಲ್ಲಿ ಈ ಪರೀಕ್ಷೆ ಉಂಟೇ ಎಂದು ಸಂಕೋಚ ಬಿಟ್ಟು ಕೇಳಿ.

ಉಳಿಯುವ ಆ ಕೆಲವು ದಿನಗಳ ಕುರುಡು ಅವಧಿಯನ್ನು ಯಾವ ಯಂತ್ರವೂ ಮುಚ್ಚಲಾರದು. ದಾನಿ ಅರ್ಜಿಯಲ್ಲಿ ಪ್ರಾಮಾಣಿಕವಾಗಿ ಉತ್ತರ ಬರೆದರೆ ಮಾತ್ರ ಅದು ಮುಚ್ಚುತ್ತದೆ. ಸ್ವಇಚ್ಛೆಯಿಂದ ಬಂದ ದಾನಿಗೆ ಸುಳ್ಳು ಬರೆಯುವ ಅಗತ್ಯವಿಲ್ಲ. ಆದರೆ ಮಾವನ ಆಪರೇಷನ್‌ಗೆ ನೀನು ಕೊಡಲೇಬೇಕು ಎಂದು ಎಲ್ಲರೂ ಸೇರಿ ಕೂರಿಸಿದ ಅಳಿಯ, ಹೆಂಡತಿಯ ಎದುರಿಗೇ ಆ ಕಾಗದ ತುಂಬುವಾಗ, ಇತ್ತೀಚಿನ ತನ್ನ ಖಾಸಗಿ ಸಂಗತಿ ಬರೆಯುತ್ತಾನೆಯೇ? ಸ್ವಯಂಪ್ರೇರಿತ ದಾನಿಯ ರಕ್ತವೇ ಹೆಚ್ಚು ಸುರಕ್ಷಿತ ಎಂದು ನಾವು ಹೇಳುವುದು ಇದಕ್ಕಾಗಿ. ತಂದೆಯವರಿಗೆ ಈ ಮಾತನ್ನು ನಿಧಾನವಾಗಿ ವಿವರಿಸಿ.

ಪ್ರಶ್ನೆ: ನನಗೆ 43. ಗರ್ಭಕೋಶದಲ್ಲಿ ಗಡ್ಡೆ ಇದ್ದು ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತದೆ. ಹಿಮೋಗ್ಲೋಬಿನ್ 7.8 ಇದೆ. ಡಾಕ್ಟರು ಆಪರೇಷನ್ ನಾಲ್ಕು ವಾರ ಮುಂದೂಡಿ ಕಬ್ಬಿಣಾಂಶದ ಡ್ರಿಪ್ ಬರೆದಿದ್ದಾರೆ. ಎರಡು ಬಾಟಲ್ ರಕ್ತ ಹಾಕಿ ಮುಗಿಸಿಬಿಡಬಾರದೇ? ಹೊಲದ ಕೆಲಸ ಬಿಟ್ಟು ಎಷ್ಟು ಸಲ ಬರಲಿ?
– ಓದುಗರು, ಗದಗ

ಉತ್ತರ: ನಿಮ್ಮ ಆಯಾಸ ನನಗೆ ಅರ್ಥವಾಗುತ್ತದೆ ಅಮ್ಮಾ. ಆದರೂ ನಿಮ್ಮ ಡಾಕ್ಟರ ಪರವಾಗಿಯೇ ಮಾತಾಡುತ್ತೇನೆ. ಅವರು ನಿಮಗೆ ಒಳ್ಳೆಯದನ್ನೇ ಮಾಡುತ್ತಿದ್ದಾರೆ.

ಒಂದು ಬಾಟಲ್ ರಕ್ತದಿಂದ ಹಿಮೋಗ್ಲೋಬಿನ್ ಏರುವುದು ಸುಮಾರು ಒಂದು ಗ್ರಾಂ. ಎರಡು ಬಾಟಲ್ ಹಾಕಿದರೂ ಹತ್ತರ ಹತ್ತಿರ ಬಂದು ನಿಲ್ಲುತ್ತೀರಿ, ದೇಹದಲ್ಲಿ ಬರಿದಾದ ಕಬ್ಬಿಣದ ಸಂಗ್ರಹ ಪೂರ್ತಿ ತುಂಬುವುದಿಲ್ಲ. ಡ್ರಿಪ್‌ನಲ್ಲಿ ಕೊಡುವ ಕಬ್ಬಿಣ ಮೂರು ನಾಲ್ಕು ವಾರದಲ್ಲಿ ಎರಡು ಗ್ರಾಂನಷ್ಟು, ಕೆಲವರಲ್ಲಿ ಅದಕ್ಕಿಂತ ಹೆಚ್ಚೇ ಏರಿಸುತ್ತದೆ. ಅದು ನಿಮ್ಮದೇ ಮಜ್ಜೆ ತಯಾರಿಸಿದ ರಕ್ತ. ಒಂದು ಮಾತು ಬಿಚ್ಚಿ ಹೇಳಬೇಕು. ಹೊಟ್ಟೆಯ ದೊಡ್ಡ ಆಪರೇಷನ್‌ಗೆ ಮುನ್ನ ಎಲ್ಲ ರಕ್ತಹೀನರಿಗೂ ಕಬ್ಬಿಣದ ಡ್ರಿಪ್ ಕೊಟ್ಟು ನೋಡಿದ ಬ್ರಿಟನ್ನಿನ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ರಕ್ತ ಹಾಕಿಸಬೇಕಾದವರ ಸಂಖ್ಯೆ ಅದರಲ್ಲಿ ಕಡಿಮೆಯಾಗಲಿಲ್ಲ. ಹಾಗಾಗಿ ಇದು ಎಲ್ಲರಿಗೂ ಒಪ್ಪುವ ಮದ್ದು ಎಂದು ನಾನು ಹೇಳುವುದಿಲ್ಲ. ಆದರೆ ತಿಂಗಳು ತಿಂಗಳೂ ರಕ್ತ ಹೋಗಿಯೇ ಕಬ್ಬಿಣ ಖಾಲಿಯಾಗಿರುವ ನಿಮ್ಮಂಥವರಿಗೆ, ತುರ್ತಿಲ್ಲದ ಆಪರೇಷನ್‌ಗೆ, ಇದೇ ಸರಿಯಾದ ದಾರಿ.

ರಕ್ತ ಹೆಚ್ಚು ಹಾಕಿದಷ್ಟೂ ಒಳ್ಳೆಯದು ಎಂದು ವೈದ್ಯರೂ ನಂಬಿದ್ದ ಕಾಲ ಒಂದಿತ್ತು. ಹಿಮೋಗ್ಲೋಬಿನ್ ಹತ್ತಕ್ಕಿಂತ ಇಳಿದರೆ ರಕ್ತ ಏರಿಸುವುದು ರೂಢಿ. 1999ರಲ್ಲಿ ಕೆನಡಾದ ವೈದ್ಯರು ತೀವ್ರ ನಿಗಾ ಘಟಕದ 838 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹತ್ತಕ್ಕೆ ಇಳಿದಾಗ, ಇನ್ನೊಂದಕ್ಕೆ ಏಳಕ್ಕೆ ಇಳಿದಾಗ ಮಾತ್ರ ರಕ್ತ ಕೊಟ್ಟರು. ಕಡಿಮೆ ರಕ್ತ ಪಡೆದವರಿಗೆ ಯಾವ ಕೆಡುಕೂ ಆಗಲಿಲ್ಲ. 2011ರಲ್ಲಿ ಸೊಂಟದ ಮೂಳೆ ಮುರಿದು ಆಪರೇಷನ್ ಆದ, ಹೃದಯದ ತೊಂದರೆ ಅಥವಾ ಅದರ ಅಪಾಯ ಇದ್ದ ಎರಡು ಸಾವಿರ ವೃದ್ಧರಲ್ಲಿ ಎಂಟರ ಮಿತಿಯನ್ನು ಹತ್ತರ ಮಿತಿಯೊಂದಿಗೆ ಹೋಲಿಸಿ ನೋಡಲಾಯಿತು. ಎರಡು ತಿಂಗಳ ಬಳಿಕ ಎದ್ದು ಓಡಾಡುವುದರಲ್ಲಿ ಎರಡೂ ಗುಂಪು ಸಮ. (ಹಾಸನದ ಓದುಗರು ಇದನ್ನೂ ತಂದೆಗೆ ಹೇಳಬಹುದು: ಸಿದ್ಧವಿಟ್ಟ ರಕ್ತ ಹಾಕುವ ಅಗತ್ಯವೇ ಬಾರದಿರಬಹುದು.)

ಮುಟ್ಟಿನ ದಿನಗಳಿಗೆಂದು ನಿಮಗೆ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಬರೆದಿದ್ದರೆ ಅದರ ಕತೆಯನ್ನೂ ಕೇಳಿ. ಅದನ್ನು ಕಂಡುಹಿಡಿದವರು ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಪತಿ ಶೋಸುಕೆ ಒಕಾಮೊಟೊ. ಯುದ್ಧದಲ್ಲಿ ಸೋತು ಎಲ್ಲಕ್ಕೂ ಕೊರತೆ ಇದ್ದ ದೇಶದಲ್ಲಿ, ಹೆರಿಗೆಯಲ್ಲಿ ರಕ್ತ ಹೋಗಿ ಸಾಯುವ ತಾಯಂದಿರನ್ನು ಉಳಿಸಬೇಕು ಎಂಬುದು ಅವರ ಹಂಬಲ. ಗಾಯದ ಬಾಯಲ್ಲಿ ಕಟ್ಟಿದ ಹೆಪ್ಪು ಬೇಗ ಕರಗಿಹೋಗದಂತೆ ತಡೆಯುವ ಈ ವಸ್ತುವನ್ನು ಅವರು 1962ರಲ್ಲಿ ಪ್ರಕಟಿಸಿದರು. ಹೆರಿಗೆಯಲ್ಲಿ ಪ್ರಯೋಗಿಸಿ ನೋಡಿ ಎಂದು ಉಟಾಕೊ ಕೇಳಿಕೊಂಡರೂ ಅಲ್ಲಿನ ಪ್ರಸೂತಿ ವೈದ್ಯರು ಒಪ್ಪಲಿಲ್ಲ. ಅಪಘಾತದಲ್ಲಿ ಗಾಯಗೊಂಡ ಇಪ್ಪತ್ತು ಸಾವಿರ ಜನರ ಮೇಲೆ ನಡೆದ ಅಧ್ಯಯನ 2010ರಲ್ಲಿ ಬಂದಾಗ ಜಗತ್ತು ಈ ಅಗ್ಗದ ಮದ್ದಿನತ್ತ ತಿರುಗಿತು. ಹೆರಿಗೆಯ ಬಳಿಕ ರಕ್ತಸ್ರಾವವಾದ 20,060 ತಾಯಂದಿರ ಅಧ್ಯಯನ 2017ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಮೂರು ಗಂಟೆಯೊಳಗೆ ಇಂಜೆಕ್ಷನ್ ಕೊಟ್ಟರೆ ರಕ್ತಸ್ರಾವದಿಂದ ಆಗುವ ಸಾವು ಸುಮಾರು ಮೂರನೇ ಒಂದರಷ್ಟು ಇಳಿಯುತ್ತದೆ ಎಂದು ಅದು ತೋರಿಸಿತು. ಉಟಾಕೊ 2016ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಐದು ದಶಕ ಅವರ ಮಾತಿಗೆ ಯಾರೂ ಕಿವಿಗೊಡದೆ ಹೋದದ್ದು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈಗ ಅದು ಆಪರೇಷನ್ ಥಿಯೇಟರಿಗೂ ಬಂದಿದೆ. ಹೃದಯದ್ದಲ್ಲದ ಶಸ್ತ್ರಚಿಕಿತ್ಸೆಗೆ ಒಳಗಾದ 9,535 ಜನರಲ್ಲಿ ನಡೆದ 2022ರ ಅಧ್ಯಯನದಲ್ಲಿ, ಗಂಭೀರ ರಕ್ತಸ್ರಾವ ನೂರಕ್ಕೆ 11.7 ಇದ್ದದ್ದು 9.1ಕ್ಕೆ ಇಳಿಯಿತು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ, ಪಾರ್ಶ್ವವಾಯು ಅಥವಾ ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ತಪ್ಪದೆ ತಿಳಿಸಿ.

ಡ್ರಿಪ್ ಸಾಮಾನ್ಯವಾಗಿ ಒಂದೆರಡು ಸಲದಲ್ಲಿ ಮುಗಿಯುತ್ತದೆ. ಸಂತೆಯ ದಿನಕ್ಕೆ ಹೊಂದಿಸಿಕೊಡಿ ಎಂದು ಕೇಳಿ, ಇಲ್ಲ ಎನ್ನಲಾರರು. ಆ ಬಳಿಕ ಮಾತ್ರೆ ಕೊಟ್ಟರೆ ಊಟದ ಜೊತೆ ಚಹಾ ಕುಡಿಯುವುದನ್ನು ಬಿಡಿ. ಕಬ್ಬಿಣ ಮೈಗೆ ಹತ್ತದಂತೆ ಅದು ತಡೆಯುತ್ತದೆ. ಈ ನಡುವೆ ಎದೆ ಬಡಿತ ಜೋರಾದರೆ, ಕುಳಿತಲ್ಲೇ ಉಸಿರು ಕಟ್ಟಿದರೆ, ಅರ್ಧ ಗಂಟೆಗೊಂದು ಬಟ್ಟೆ ತೋಯ್ದರೆ ನಾಲ್ಕು ವಾರ ಕಾಯಬೇಡಿ. ಅದೇ ದಿನ ಹೊರಡಿ. ಆಗ ರಕ್ತವೇ ಬೇಕು.

ಪ್ರಶ್ನೆ: ಕಾಲೇಜಿನ ಶಿಬಿರದಲ್ಲಿ ಮೊದಲ ಸಲ ರಕ್ತ ಕೊಟ್ಟೆ. ಕೆಲವು ದಿನಗಳ ಮೇಲೆ ಬ್ಲಡ್ ಬ್ಯಾಂಕಿನಿಂದ ಫೋನ್ ಬಂತು. ಹೋದರೆ ಹೆಪಟೈಟಿಸ್ ಸಿ ‘ರಿಯಾಕ್ಟಿವ್’ ಎಂದರು. ಮನೆಯಲ್ಲಿ ಹೇಳಿಲ್ಲ, ನಿದ್ದೆಯೂ ಇಲ್ಲ. ನನ್ನ ಗತಿ ಏನು?
– ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಮನಸ್ಸು ಗಟ್ಟಿ ಮಾಡಿಕೊ ಮಗಾ. ರಿಯಾಕ್ಟಿವ್ ಎಂದರೆ ಕಾಯಿಲೆ ಇದೆ ಎಂಬ ತೀರ್ಮಾನವಲ್ಲ. ಬ್ಲಡ್ ಬ್ಯಾಂಕಿನ ಪರೀಕ್ಷೆಯನ್ನು ರೋಗಿಯ ರಕ್ಷಣೆಗೆಂದು ಬಹಳ ಸೂಕ್ಷ್ಮವಾಗಿ ಇಟ್ಟಿರುತ್ತಾರೆ. ಅನುಮಾನ ಬಂದ ಚೀಲವೆಲ್ಲ ಪಕ್ಕಕ್ಕೆ. ಆ ಬಲೆಗೆ ಸೋಂಕೇ ಇಲ್ಲದವರೂ ಬೀಳುತ್ತಾರೆ. ಹಿಂದೆ ಎಂದೋ ಸೋಂಕು ಬಂದು ತಾನಾಗಿ ಹೋದವರಲ್ಲೂ ಪ್ರತಿಕಾಯ ಉಳಿದಿರುತ್ತದೆ. ಈಗ ಮಾಡಿಸಬೇಕಾದ್ದು ಎಚ್‌ಸಿವಿ ಆರ್‌ಎನ್‌ಎ ಪರೀಕ್ಷೆ. ವೈರಸ್ ನಿಜವಾಗಿ ರಕ್ತದಲ್ಲಿ ಇದೆಯೋ ಇಲ್ಲವೋ ಅದು ಹೇಳುತ್ತದೆ.

ಇದ್ದರೂ ನಿನ್ನ ಕಾಲ ಒಳ್ಳೆಯದು. 1970ರ ದಶಕದಲ್ಲಿ ಅಮೆರಿಕದ ಹಾರ್ವಿ ಆಲ್ಟರ್, ರಕ್ತ ಪಡೆದವರಿಗೆ ಬರುವ ಒಂದು ಬಗೆಯ ಕಾಮಾಲೆ ಹೆಪಟೈಟಿಸ್ ಎ ಅಲ್ಲ, ಬಿಯೂ ಅಲ್ಲ ಎಂದು ತೋರಿಸಿದರು. ಅದಕ್ಕೆ ಕಾರಣವಾದ ವೈರಸ್ಸನ್ನು ಮೈಕೆಲ್ ಹೌಟನ್ ಮತ್ತು ಸಂಗಡಿಗರು ಗುರುತಿಸಿದ್ದು 1989ರಲ್ಲಿ. ಅದರಿಂದ ರಕ್ತಪರೀಕ್ಷೆ ಹುಟ್ಟಿತು. ನಮ್ಮಲ್ಲಿ ಅದು ಕಡ್ಡಾಯವಾದದ್ದು 2001ರಲ್ಲಿ. ಆ ಒಂದು ವೈರಸ್ಸೇ ಕಾಯಿಲೆ ತರಬಲ್ಲದು ಎಂದು ಸಾಬೀತು ಮಾಡಿದವರು ಚಾರ್ಲ್ಸ್ ರೈಸ್. ಮೂವರಿಗೂ 2020ರ ನೊಬೆಲ್ ಸಂದಿತು. 2013ರ ಕೊನೆಗೆ ಸೊಫೊಸ್ಬುವಿರ್ ಬಂದ ಮೇಲೆ ಚಿತ್ರವೇ ಬದಲಾಯಿತು. ಅದಕ್ಕೂ ಮುನ್ನ ತಿಂಗಳುಗಟ್ಟಲೆ ಇಂಜೆಕ್ಷನ್ ಚುಚ್ಚಿಸಿಕೊಂಡು, ಜ್ವರ, ಖಿನ್ನತೆ ಅನುಭವಿಸಿದರೂ ಅನೇಕರು ಗುಣವಾಗುತ್ತಿರಲಿಲ್ಲ. ಈಗ ಸಾಮಾನ್ಯವಾಗಿ ಹನ್ನೆರಡು ವಾರ ಮಾತ್ರೆ ನುಂಗಿದರೆ ನೂರಕ್ಕೆ ತೊಂಬತ್ತೈದರ ಆಸುಪಾಸು ಜನ ಪೂರ್ತಿ ಗುಣ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸು. ಮಾತ್ರೆ ಶುರು ಮಾಡುವ ಮುನ್ನ ಹೆಪಟೈಟಿಸ್ ಬಿ ಪರೀಕ್ಷೆ ಆಗಿರಲೇಬೇಕು. ಅದು ಇಲ್ಲವಾದರೆ ಅದರ ಲಸಿಕೆ ಹಾಕಿಸಿಕೊ. ಸಿಗೆ ಲಸಿಕೆ ಇನ್ನೂ ಇಲ್ಲ.

ಒಂದೇ ತಟ್ಟೆಯಲ್ಲಿ ಉಂಡರೆ, ತಬ್ಬಿಕೊಂಡರೆ ಇದು ಹರಡುವುದಿಲ್ಲ. ಶೇವಿಂಗ್ ಬ್ಲೇಡ್, ಹಲ್ಲುಜ್ಜುವ ಬ್ರಷ್ ಮಾತ್ರ ಬೇರೆ ಇರಲಿ. ಅಮ್ಮನಿಗೆ ಹೇಳು. ತಾಯಿಯಿಂದಲೂ ಇದು ಬಂದಿರಬಹುದಾದ್ದರಿಂದ ಅವರ ರಕ್ತವನ್ನೂ ಒಮ್ಮೆ ನೋಡಿಸುವುದು ಅವರಿಗೇ ಒಳಿತು.

ಪ್ರಶ್ನೆ: ನನ್ನ ಅತ್ತೆಯವರಿಗೆ ಪಿತ್ತಕೋಶದ ಆಪರೇಷನ್ ಆಯಿತು. ವಾರ್ಡಿನಲ್ಲಿ, ಥಿಯೇಟರ್ ಬಾಗಿಲಲ್ಲಿ, ಒಳಗೆ, ಮತ್ತೆ ರಕ್ತ ಹಾಕುವಾಗ ಅವರ ಹೆಸರನ್ನು ಕೇಳಿದ್ದೇ ಕೇಳಿದ್ದು. ಕೇಸ್ ಶೀಟ್‌ನಲ್ಲಿ ಬರೆದಿಲ್ಲವೇ?
– ಓದುಗರು, ಮೈಸೂರು

ಉತ್ತರ: ಕೇಳಿದ್ದಕ್ಕೆ ಸಂತೋಷಪಡಿ. ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಹತ್ತೊಂಬತ್ತು ಅಂಶಗಳ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯನ್ನು ಬಳಸಿ ನೋಡಿದ ಫಲಿತಾಂಶ 2009ರಲ್ಲಿ ಬಂತು. ರೋಗಿ ಯಾರು, ಯಾವ ಭಾಗ, ಎಷ್ಟು ರಕ್ತ ಹೋಗಬಹುದು ಎಂದು ಎಲ್ಲರೂ ಬಾಯಿಬಿಟ್ಟು ಹೇಳುವುದು, ಅಷ್ಟೇ. ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತು. ಕೆನಡಾದ ಒಂಟಾರಿಯೊದಲ್ಲಿ ಇದೇ ಪಟ್ಟಿಯನ್ನು ಎಲ್ಲೆಡೆ ಕಡ್ಡಾಯ ಮಾಡಿದಾಗ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ. ಚೌಕದಲ್ಲಿ ಟಿಕ್ ಹಾಕಿದರೆ ಸಾಲದು, ಮನಸ್ಸಿಟ್ಟು ಕೇಳಬೇಕು ಎಂದೇ ನಾನು ಅದನ್ನು ಓದುತ್ತೇನೆ.

ರಕ್ತ ಹಾಕುವಾಗಂತೂ ಇದು ಪ್ರಾಣದ ಪ್ರಶ್ನೆ. ವಿಜ್ಞಾನಿ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ತೋರಿಸಿ (1901) ನೂರಕ್ಕೂ ಹೆಚ್ಚು ವರ್ಷವಾಯಿತು. ಆದರೂ ಒಬ್ಬರ ಚೀಲ ಇನ್ನೊಬ್ಬರಿಗೆ ಹೋಗುವ ಅಪಾಯ ಇಂದಿಗೂ ಇದೆ, ಅದು ನಡೆಯುವುದು ಪ್ರಯೋಗಾಲಯಕ್ಕಿಂತ ಹೆಚ್ಚಾಗಿ ಮಂಚದ ಪಕ್ಕದಲ್ಲಿ. ಸರಿಯಾಗಿ ಮಾಡಿದರೆ ಇಬ್ಬರು ನಿಂತು ಒಬ್ಬರು ಓದುತ್ತಾರೆ, ಒಬ್ಬರು ಕೈಪಟ್ಟಿ ನೋಡುತ್ತಾರೆ: ಹೆಸರು, ಆಸ್ಪತ್ರೆ ನಂಬರು, ಗುಂಪು, ಚೀಲದ ನಂಬರು, ಅವಧಿ ಮುಗಿಯುವ ತಾರೀಖು. ಹನಿ ಶುರುವಾದ ಮೊದಲ ಹದಿನೈದು ನಿಮಿಷ ನೀವೂ ಪಕ್ಕದಲ್ಲಿರಿ. ಚಳಿ, ಸೊಂಟನೋವು, ಸೂಜಿ ಇರುವಲ್ಲಿ ಉರಿ, ಉಬ್ಬಸ, ಏನೋ ಆಗುತ್ತಿದೆ ಎಂಬ ಗಾಬರಿ, ಇದರಲ್ಲಿ ಯಾವುದೇ ಕಂಡರೂ ನರ್ಸನ್ನು ಕರೆದು ರಕ್ತ ನಿಲ್ಲಿಸಲು ಹೇಳಿ.

ಪ್ರಶ್ನೆ: ನನಗೆ 21. ತೂಕ 50 ಕೆಜಿ. ರಕ್ತ ಕೊಡಲು ಹೋದರೆ ಹಿಮೋಗ್ಲೋಬಿನ್ 12.1 ಎಂದು ವಾಪಸ್ ಕಳಿಸಿದರು. ಎರಡು ತಿಂಗಳ ಹಿಂದೆ ಟ್ಯಾಟೂ ಹಾಕಿಸಿದ್ದೇನೆ, ಅದೂ ಅಡ್ಡಿಯೇ?
– ಓದುಗರು, ಉಡುಪಿ

ಉತ್ತರ: ಎರಡೂ ಅಡ್ಡಿಯೇ. ಹಿಮೋಗ್ಲೋಬಿನ್ 12.5 ಇರಬೇಕು, ಟ್ಯಾಟೂ ಹಾಕಿಸಿ ಹನ್ನೆರಡು ತಿಂಗಳು ಕಳೆದಿರಬೇಕು. ತೂಕಕ್ಕೆ ತೊಂದರೆಯಿಲ್ಲ, 45 ಕೆಜಿ ಸಾಕು. ನಿಮ್ಮನ್ನು ವಾಪಸ್ ಕಳಿಸಿದವರು ಸರಿಯಾಗಿಯೇ ಕೆಲಸ ಮಾಡಿದ್ದಾರೆ. ಈಗ ಸಿಕ್ಕಿರುವ ಹತ್ತು ತಿಂಗಳಲ್ಲಿ ಫೆರಿಟಿನ್ ಪರೀಕ್ಷೆ ಮಾಡಿಸಿ, ಕಬ್ಬಿಣ ಕಡಿಮೆ ಇದ್ದರೆ ವೈದ್ಯರ ಸಲಹೆಯಂತೆ ಮಾತ್ರೆ ತೆಗೆದುಕೊಳ್ಳಿ. ಮುಂದೆ ಹೋಗುವಾಗ ಹೊಟ್ಟೆ ತುಂಬ ತಿಂದು, ನೀರು ಕುಡಿದು ಹೋಗಿ. ಹೆಣ್ಣುಮಕ್ಕಳು ಒಮ್ಮೆ ಕೊಟ್ಟ ಮೇಲೆ ನಾಲ್ಕು ತಿಂಗಳು ಬಿಟ್ಟು ಮತ್ತೆ ಕೊಡಬಹುದು.