ಇಂಗಿನ ಡಬ್ಬಿಯಲ್ಲಿ ಗೋಧಿ

ಪುಣೆಯ ಮನೆಗಳಲ್ಲಿ ಗೌರಿ ಊಟವೆಂದರೆ ಹೂರಣದ ಹೋಳಿಗೆ, ಹದಿನಾರು ಬಗೆ ತರಕಾರಿ ಕೂಡಿಸಿದ ಪಲ್ಯ, ಕಟ್ಟಿನ ಸಾರು. ವಿಜಯಪುರ, ಕಲಬುರಗಿ, ಸೊಲ್ಲಾಪುರದ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತ ಕನ್ನಡದ ಮನೆಗಳಲ್ಲಿ ಕರಿಗಡುಬು, ಚಕ್ಕುಲಿ, ಶಾವಿಗೆ ಪಾಯಸವೂ ಎಲೆಗೆ ಬರುತ್ತವೆ. ಆ ಪಂಕ್ತಿಯಲ್ಲಿ ಗೋಧಿ ತಿನ್ನಬಾರದ ಮಗುವೊಂದು ಕೂತಿದ್ದರೆ? ಹೋಳಿಗೆಯ ಕಣಕ, ಕಡುಬಿನ ಹಾಳೆ, ಶಾವಿಗೆ ಮೂರೂ ಗೋಧಿಯವೇ ಎಂದು ಎಲ್ಲರಿಗೂ ಗೊತ್ತು. ಸಾರಿನ ಒಗ್ಗರಣೆಗೆ ಹಾಕಿದ ಚಿಟಿಕೆ ಇಂಗಿನಲ್ಲೂ ಗೋಧಿ ಇರಬಹುದೆಂಬುದು ಹೆಚ್ಚಿನ ಮನೆಗಳಿಗೆ ತಿಳಿದಿಲ್ಲ.

ಅಡುಗೆಮನೆಯ ಇಂಗಿನ ಡಬ್ಬಿಯನ್ನು ಒಮ್ಮೆ ತಿರುಗಿಸಿ ನೋಡಬೇಕು. ಅಂಗಡಿಯಲ್ಲಿ ಸಿಗುವುದು ಬಹುಪಾಲು ಕೂಟಿಂಗು, ಅಂದರೆ ಹಿಟ್ಟು ಕೂಡಿಸಿದ ಇಂಗು. ಅಪ್ಪಟ ಇಂಗಿನ ಘಾಟು ತಡೆಯಲಾರದಷ್ಟು ಇರುವುದರಿಂದ ಅದಕ್ಕೆ ಅಂಟು, ಪಿಷ್ಟ, ಅನೇಕ ಸಲ ಮೈದಾ ಅಥವಾ ಗೋಧಿ ಹಿಟ್ಟು ಬೆರೆಸುತ್ತಾರೆ. ಇದು ಕಲಬೆರಕೆಯಲ್ಲ, ಕಾನೂನು ಒಪ್ಪಿದ ತಯಾರಿಕೆ. ಆದರೆ ಬೆರೆಸಿದ್ದನ್ನು ಡಬ್ಬಿಯ ಮೇಲೆ ಬರೆಯಬೇಕು. ಗ್ರಾಹಕನ ಹಕ್ಕು ಶುರುವಾಗುವುದೇ ಆ ಬರಹದಿಂದ.

ಆ ಮಗುವಿನಂತೆ ಸೀಲಿಯಾಕ್ ಕಾಯಿಲೆ ಇರುವವರ ದೇಹ ಗೋಧಿ, ಬಾರ್ಲಿ, ರೈ ಧಾನ್ಯಗಳ ಗ್ಲೂಟನ್ ಎಂಬ ಪ್ರೋಟೀನ್‌ಗೆ ಪ್ರತಿಕ್ರಿಯಿಸಿ ತನ್ನದೇ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡಿಕೊಳ್ಳುತ್ತದೆ. ಇದಕ್ಕೆ ಮಾತ್ರೆಯಿಲ್ಲ, ಪಥ್ಯವೇ ಚಿಕಿತ್ಸೆ. ‘ಹಬ್ಬದ ದಿನ ಒಂದು ತುತ್ತು ತಿಂದರೆ ಏನಾಗತದ’ ಎಂಬ ಪ್ರೀತಿಯ ಒತ್ತಾಯ ಇಲ್ಲಿ ನೇರವಾಗಿ ಹಾನಿ ಮಾಡುತ್ತದೆ. ಅನ್ನ, ಜೋಳದ ನಮ್ಮ ದಕ್ಷಿಣದಲ್ಲಿ ಈ ಕಾಯಿಲೆ ಉತ್ತರಕ್ಕಿಂತ ಬಹಳ ವಿರಳ. ಅದೇ ಕಾರಣಕ್ಕೆ ಕನ್ನಡದ ಮನೆಗಳಿಗೆ ಇದರ ಪರಿಚಯವೂ ಕಡಿಮೆ.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಕೆಳಗೆ 2020ರಲ್ಲಿ ಲೇಬಲ್‌ಗಳ ಹೊಸ ನಿಯಮಗಳು ಬಂದವು. ಅವುಗಳ ಪ್ರಕಾರ ಪೊಟ್ಟಣದ ಆಹಾರದಲ್ಲಿ ಗ್ಲೂಟನ್ ಇರುವ ಧಾನ್ಯವಿದ್ದರೆ ‘ಕಂಟೇನ್ಸ್’ ಎಂಬ ಪದದ ಮುಂದೆ ಅದನ್ನು ಪ್ರತ್ಯೇಕವಾಗಿ ಹೇಳಬೇಕು. ಗೋಧಿ, ರೈ, ಬಾರ್ಲಿಯ ಜೊತೆ ಓಟ್ಸ್ ಕೂಡ ಈ ಪಟ್ಟಿಯಲ್ಲಿದೆ. ಧಾನ್ಯ ಬಳಸದಿದ್ದರೂ ಕಾರ್ಖಾನೆಯಲ್ಲಿ ಸೋಂಕುವ ಸಾಧ್ಯತೆಯಿದ್ದರೆ ‘ಮೇ ಕಂಟೇನ್’ ಎಂದು ಬರೆಯಲು ಅವಕಾಶವಿದೆ. ಸೀಲಿಯಾಕ್ ಇರುವವರು ಈ ಎರಡನೆಯ ಸಾಲನ್ನೂ ಮೊದಲನೆಯದರಷ್ಟೇ ಗಟ್ಟಿಯಾಗಿ ಹಿಡಿಯಬೇಕು.

ಲೇಬಲ್‌ನ ಕಡ್ಡಾಯ ವಿವರಗಳು ಇಂಗ್ಲಿಷ್‌ನಲ್ಲೋ ದೇವನಾಗರಿ ಹಿಂದಿಯಲ್ಲೋ ಇದ್ದರೆ ಸಾಕು, ಕನ್ನಡ ಕಡ್ಡಾಯವಲ್ಲ. ಊರಿಂದ ಬಂದ ಅಜ್ಜಿ ಅಡುಗೆಗೆ ನಿಲ್ಲುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ. ಇಂಗ್ಲಿಷ್‌ನ ‘ರೈ’ ಗೋಧಿಯ ಬಳಗದ ಧಾನ್ಯ, ಹಿಂದಿಯ ‘ರಾಈ’ ಬರೀ ಸಾಸಿವೆ. ಯಾವ ಡಬ್ಬಿ ಮುಟ್ಟಬೇಕು, ಯಾವುದು ಬೇಡ ಎಂದು ಮೊದಲೇ ಓದಿ ಕನ್ನಡದಲ್ಲಿ ಚೀಟಿ ಅಂಟಿಸಿಟ್ಟರೆ ಹಬ್ಬದ ಗಡಿಬಿಡಿಯಲ್ಲಿ ಕೈ ತಪ್ಪುವುದಿಲ್ಲ. ಇನ್ನೊಂದು ಎಚ್ಚರ: 100 ಚದರ ಸೆಂಟಿಮೀಟರ್ ಮೀರದ ಪುಟ್ಟ ಪೊಟ್ಟಣಕ್ಕೆ ಪದಾರ್ಥಗಳ ಪಟ್ಟಿಯಿಂದ ವಿನಾಯಿತಿ ಇದೆ, ಪಟ್ಟಿ ದೊಡ್ಡ ಕಟ್ಟಿನ ಮೇಲಿದ್ದರೆ ಸಾಕು. ಇಂಗಿನ ಚಿಕ್ಕ ಡಬ್ಬಿಯ ಮೇಲೆ ಏನೂ ಬರೆದಿಲ್ಲವೆಂದರೆ ಏನೂ ಬೆರೆತಿಲ್ಲ ಎಂದಲ್ಲ. ದೊಡ್ಡದನ್ನೇ ಕೊಂಡು ಓದುವುದು ಮೇಲು.

‘ಗ್ಲೂಟನ್ ಫ್ರೀ’ ಎಂಬ ಪದಕ್ಕೂ ಕಾನೂನಿನಲ್ಲಿ ಅಳತೆಯಿದೆ. ಕಿಲೊಗೆ 20 ಮಿಲಿಗ್ರಾಂ ಮೀರದಿದ್ದರೆ ಮಾತ್ರ ಆ ಹೆಸರು ಸಲ್ಲುತ್ತದೆ. ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡವೂ ಇಷ್ಟೇ. 20ರಿಂದ 100ರವರೆಗಿನದು ‘ಲೋ ಗ್ಲೂಟನ್’, ಅದು ಸೀಲಿಯಾಕ್‌ನವರ ತಟ್ಟೆಗೆ ತಕ್ಕದ್ದಲ್ಲ. ಮಿತಿ ಮೀರಿದ ಹಿಟ್ಟಿಗೆ ಫ್ರೀ ಎಂದು ಹೆಸರಿಟ್ಟು ಮಾರಿದರೆ ತಪ್ಪು ಲೇಬಲ್ಲಿಗಾಗಿ 52ನೇ ಕಲಮಿನಡಿ 3 ಲಕ್ಷ ರೂಪಾಯಿವರೆಗೆ, ದಾರಿ ತಪ್ಪಿಸುವ ಜಾಹೀರಾತಿಗಾಗಿ 53ನೇ ಕಲಮಿನಡಿ 10 ಲಕ್ಷದವರೆಗೆ ದಂಡವಿದೆ.

20 ಮಿಲಿಗ್ರಾಂ ಎಂದರೆ ಎಷ್ಟು? ಗೋಧಿ ಹಿಟ್ಟಿನಲ್ಲಿ ಸುಮಾರು ಹತ್ತನೇ ಒಂದು ಪಾಲು ಗ್ಲೂಟನ್. ಒಂದು ಕಿಲೊ ಜೋಳದ ಹಿಟ್ಟಿಗೆ ಕಾಲು ಗ್ರಾಂ ಗೋಧಿ ಹಿಟ್ಟು ಸೇರಿದರೂ ಮಿತಿ ದಾಟುತ್ತದೆ. ಈಗ ಓಣಿಯ ಗಿರಣಿಯನ್ನು ನೆನೆಯಬೇಕು. ಮಾಲೀಕನ ಹುಬ್ಬಿನ ತನಕ ಬಿಳಿ ಧೂಳು, ಹಿಂದಿನ ಗಿರಾಕಿಯ ಗೋಧಿ ಇನ್ನೂ ಬಟ್ಟೆಯ ಚೀಲದಲ್ಲಿ ಉದುರುತ್ತಿರುತ್ತದೆ, ಅದರ ಬೆನ್ನಿಗೇ ಜೋಳ ಸುರಿಯುತ್ತಾರೆ. ಮೊದಲ ಬೊಗಸೆ ಹಿಟ್ಟಿನಲ್ಲಿ ಕಾಲು ಗ್ರಾಂ ಅಲ್ಲ, ಹಲವು ಚಮಚ ಗೋಧಿ ಬಂದಿರುತ್ತದೆ. ಲೇಬಲ್ ನಿಯಮ ಇಲ್ಲಿ ಕೈಕೊಡುತ್ತದೆ, ಯಾಕೆಂದರೆ ಇಲ್ಲಿ ಪೊಟ್ಟಣವೇ ಇಲ್ಲ. ಪುಣೆಯ ಅನೇಕ ಮನೆಗಳಲ್ಲಿರುವ ಸಣ್ಣ ಮನೆಗಿರಣಿ ಘರಘಂಟಿಯನ್ನು ಅಕ್ಕಿ, ಜೋಳಕ್ಕೆ ಮಾತ್ರ ಮೀಸಲಿಡುವುದೇ ಖಾತ್ರಿಯ ದಾರಿ.

ಊಟದ ಪಟ್ಟಿಯಂತೂ ಬಡವಾಗಬೇಕಿಲ್ಲ. ಪುಣೆಯವರ ಉಕಡೀಚೆ ಮೋದಕ ಅಕ್ಕಿ ಹಿಟ್ಟಿನದು, ಅನಾರಸೆಯೂ ಅಕ್ಕಿಯದೇ. ಚೌತಿಯ ಮರುದಿನ ಋಷಿಪಂಚಮಿ. ಎತ್ತು ಉತ್ತ ಹೊಲದ ಬೆಳೆ ಅಂದು ವರ್ಜ್ಯ, ಹಾಗಾಗಿ ಋಷಿ ಭಾಜಿಯ ಊಟದಲ್ಲಿ ಗೋಧಿಗೆ ಜಾಗವೇ ಇಲ್ಲ. ಸಾಬೂದಾನಿ, ರಾಜಗಿರಾ, ವರಿ ಅಕ್ಕಿಯ ಉಪವಾಸದ ತಿಂಡಿಗಳೂ ಹಾಗೆಯೇ. ಎಡವುವುದು ಎಣ್ಣೆಯಲ್ಲಿ: ಪೂರಿ ಕರಿದ ಬಾಣಲೆಯಲ್ಲೇ ಚಕ್ಕುಲಿ ಬಿಟ್ಟರೆ ಅಕ್ಕಿ ಚಕ್ಕುಲಿಯೂ ಕೆಟ್ಟಂತೆ.

ಅಂಗಡಿಯ ಸಿಹಿಯ ವಿಷಯದಲ್ಲಿ ಕಾನೂನು ಇನ್ನೂ ಅರ್ಧ ದಾರಿಯಲ್ಲಿದೆ. ಬಿಡಿಯಾಗಿ ಮಾರುವ ಸಿಹಿಯ ತಟ್ಟೆಯ ಮುಂದೆ ಎಂದಿನೊಳಗೆ ತಿನ್ನಬೇಕೆಂಬ ದಿನಾಂಕ ಹಾಕಬೇಕೆಂದು 2020ರ ಅಕ್ಟೋಬರ್ 1ರಿಂದ ಆದೇಶ ಬಂತು. ಅದರಲ್ಲಿ ಏನೇನು ಬೆರೆತಿದೆ ಎಂದು ಬರೆಯುವ ಕಡ್ಡಾಯ ಬರಲಿಲ್ಲ. ಹೋಟೆಲುಗಳಲ್ಲಿ ಕೇಂದ್ರ ಪರವಾನಗಿ ಇರುವವು, ಇಲ್ಲವೇ ಹತ್ತು ಮತ್ತು ಹೆಚ್ಚು ಕಡೆ ಮಳಿಗೆ ಇರುವವು ಮಾತ್ರ ಅಲರ್ಜಿಕಾರಕಗಳ ಮಾಹಿತಿ ಕೊಡಬೇಕು. ಬ್ರಿಟನ್ನಿನಲ್ಲಿ ನತಾಶಾ ಎಂಬ ಹುಡುಗಿ 2016ರಲ್ಲಿ ಲೇಬಲ್‌ನಲ್ಲಿ ಹೇಳದ ಎಳ್ಳಿನಿಂದ ತೀರಿಕೊಂಡ ಮೇಲೆ, ಅಂಗಡಿಯಲ್ಲೇ ಮಾಡಿ ಕಟ್ಟಿಡುವ ತಿಂಡಿಗೂ ಪೂರ್ತಿ ಪಟ್ಟಿ ಬೇಕೆಂದು 2021ರ ಅಕ್ಟೋಬರ್‌ನಿಂದ ಕಾನೂನಾಯಿತು. ನಮ್ಮಲ್ಲೂ ಅಂಥದೊಂದು ಬರಬೇಕು, ಒಂದು ಸಾವಿಗೆ ಕಾಯದೆ ಬರಬೇಕು.

ಅಲ್ಲಿಯವರೆಗೆ ಕೇಳುವ ಕೆಲಸ ಗ್ರಾಹಕನದೇ, ಕೇಳಿದ್ದು ಬರಹದಲ್ಲಿರಬೇಕು. ಅಡುಗೆ ಗುತ್ತಿಗೆಯವರಿಗೆ ‘ಗೋಧಿ ಬೇಡ ಅಂತ ಹೇಳಿದ್ವಿ’ ಎಂಬ ಬಾಯಿಮಾತು ಮುಂದೆ ನಿಲ್ಲುವುದಿಲ್ಲ. ಗೋಧಿ, ಮೈದಾ, ರವೆ, ಕೂಟಿಂಗು ಬೇಡ, ಬಾಣಲೆ ಬೇರೆ, ಸೌಟು ಬೇರೆ ಎಂದು ವಾಟ್ಸ್ಆ್ಯಪ್‌ನಲ್ಲಿ ಬರೆದು, ‘ಆಯ್ತು’ ಎಂಬ ಉತ್ತರ ಪಡೆಯಬೇಕು. ಆ ಸಂದೇಶವೂ ಸಾಕ್ಷ್ಯವೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಅದನ್ನು ಪ್ರಮಾಣಪತ್ರದೊಂದಿಗೆ ಹಾಜರುಪಡಿಸುವ ಕ್ರಮ ಹೇಳುತ್ತದೆ. ಬಿಲ್ಲಿನ ಮೇಲೆ ಆಹಾರ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದೆಯೇ ನೋಡಬೇಕು. 2022ರಿಂದ ಅದು ಕಡ್ಡಾಯ.

ಪೊಟ್ಟಣದ ಹಿಟ್ಟಿನ ಮೇಲೆ ಅನುಮಾನ ಬಂದರೆ ಆಹಾರ ಸುರಕ್ಷತೆ ಕಾಯ್ದೆಯ 40ನೇ ಕಲಮು ಒಂದು ಅಪರೂಪದ ಅಧಿಕಾರ ಕೊಡುತ್ತದೆ: ಕೊಂಡವನೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಷರತ್ತು ಒಂದೇ, ಪರೀಕ್ಷೆಗೆ ಕಳಿಸುತ್ತೇನೆಂದು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಬೇಕು. ಮಾದರಿ ಕೈಸೇರಿದ 14 ದಿನದಲ್ಲಿ ವರದಿ ಬರಬೇಕು, ಆಹಾರ ನಿಯಮಕ್ಕೆ ಹೊಂದದಿದ್ದರೆ ಕಟ್ಟಿದ ಶುಲ್ಕ ವಾಪಸು. ಗ್ಲೂಟನ್ ಪರೀಕ್ಷೆಯ ಸೌಲಭ್ಯ ಇದೆಯೇ ಎಂದು ಪ್ರಯೋಗಾಲಯದಲ್ಲಿ ಮೊದಲೇ ವಿಚಾರಿಸಬೇಕು. ಹಬ್ಬಕ್ಕೆ ತಿಂಗಳ ಮುಂಚೆ ಶುರುಮಾಡಿದರೆ ಮಾತ್ರ ಈ ದಾರಿ ಉಪಯೋಗಕ್ಕೆ ಬರುತ್ತದೆ. ದೂರು ಕೊಡಲು ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತ ಅಂದರೆ ಎಫ್‌ಡಿಎ ಸಹಾಯವಾಣಿ 1800-222-365, ಎಫ್‌ಎಸ್‌ಎಸ್‌ಎಐದು 1800-112-100.

ತಿಂದು ಕಾಯಿಲೆ ಬಿದ್ದಾಗ? ವೈದ್ಯರ ಚೀಟಿ, ಬಿಲ್ಲು, ಪೊಟ್ಟಣ, ಉಳಿದ ಆಹಾರ ಇವಿಷ್ಟನ್ನೂ ಎತ್ತಿಡಬೇಕು. ಆಹಾರ ಸುರಕ್ಷತೆ ಕಾಯ್ದೆಯ 65ನೇ ಕಲಮಿನ ಪ್ರಕಾರ ಗಂಭೀರ ಹಾನಿಗೆ 3 ಲಕ್ಷದವರೆಗೆ, ಬೇರೆ ಹಾನಿಗೆ 1 ಲಕ್ಷದವರೆಗೆ ಪರಿಹಾರ ಕೊಡಿಸಲು ಅವಕಾಶವಿದೆ. ಇದಲ್ಲದೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೂ ಹೋಗಬಹುದು. ದೂರುದಾರರು ವಾಸವಿರುವ ಊರಿನಲ್ಲೇ ದೂರು ಹಾಕಬಹುದು, ವಕೀಲರು ಬೇಕೆಂದಿಲ್ಲ. ಕೊಟ್ಟ ಹಣ 5 ಲಕ್ಷ ಮೀರದಿದ್ದರೆ ಶುಲ್ಕವೂ ಇಲ್ಲ. ಗಡುವು ಎರಡು ವರ್ಷ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ದುಡ್ಡು ಕೊಟ್ಟವರು ಮನೆಯವರು, ತೊಂದರೆಯಾದದ್ದು ಊಟಕ್ಕೆ ಬಂದ ಅಕ್ಕನ ಮಗನಿಗೆ ಎಂದುಕೊಳ್ಳೋಣ. ಕೊಂಡವರ ಒಪ್ಪಿಗೆಯಿಂದ ಪದಾರ್ಥ ಬಳಸಿದವರು, ಸೇವೆ ಪಡೆದವರು ಕೂಡ ಕಾಯ್ದೆಯ ಪ್ರಕಾರ ಗ್ರಾಹಕರೇ. ಹಾಗಾಗಿ ಆ ಹುಡುಗನ ಪರವಾಗಿ ತಂದೆತಾಯಿ ದೂರು ಕೊಡಬಹುದು. ಗಣೇಶ ಮಂಡಳದ ಪೆಂಡಾಲಿನಲ್ಲಿ ಹಂಚುವ ಪ್ರಸಾದಕ್ಕೆ ಬೆಲೆಯಿಲ್ಲದ ಕಾರಣ ಗ್ರಾಹಕ ಆಯೋಗದ ಬಾಗಿಲು ತೆರೆಯುವುದು ಕಷ್ಟ. ಆದರೂ ಧಾರ್ಮಿಕ ಕೂಟದಲ್ಲಿ ಆಹಾರ ಹಂಚುವವರು ನೋಂದಣಿ ಮಾಡಿಸಬೇಕೆಂದು ಆಹಾರ ಸುರಕ್ಷತೆಯ ನಿಯಮಗಳಲ್ಲಿದೆ, ಅವರ ಮೇಲಿನ ದೂರು ಎಫ್‌ಡಿಎಗೆ ಹೋಗುತ್ತದೆ. ದೊನ್ನೆ ಕೈಗೆ ಬರುವ ಮುಂಚೆ, ಶಿರಾ ರವೆಯದೋ ಎಂದು ಸ್ವಯಂಸೇವಕರನ್ನು ಕೇಳುವ ಅಭ್ಯಾಸವನ್ನು ಮಗುವಿಗೆ ಮನೆಯಲ್ಲೇ ಮಾಡಿಸಿರಬೇಕು.