ಒಂದೇ ಗಣಕ, ಹಲವು ಕೈಗಳು

ಮಾನ್ಯ ಸೋದರಿ,

ಕುಂದಾಪುರದ ನಿಮ್ಮ ಮನೆಯ ಗಣಕದಲ್ಲಿ ಮೈದುನರು ಜಮೀನಿನ ಪಹಣಿಗಾಗಿ ‘ಬೈಂದೂರು’ ಎಂದು ಹುಡುಕುತ್ತಿರಲು, ಬೈಂದೂರಿನ ವೈದ್ಯರಿಗೆ ನೀವು ಬರೆದಿದ್ದ ಪತ್ರವೇ ಪರದೆಯ ಮೇಲೆ ಮೂಡಿತೆಂಬ ನಿಮ್ಮ ಸಂಕೋಚವು ಸಹಜವಾದುದೇ. ಆದರೆ ಅದರಲ್ಲಿ ಅವರ ಅಪರಾಧವೇನೂ ಇಲ್ಲ. ಶೋಧಕ ತಂತ್ರಾಂಶವು ಕಡತಗಳ ಹೆಸರನ್ನಲ್ಲದೆ ಒಳಗಿನ ಪದಗಳನ್ನೂ ಮುಂಚಿತವಾಗಿ ಓದಿ ಅನುಕ್ರಮಣಿಕೆಯೊಂದನ್ನು ರಚಿಸಿಟ್ಟುಕೊಳ್ಳುವುದರಿಂದಲೇ ಕ್ಷಣಾರ್ಧದಲ್ಲಿ ಉತ್ತರಿಸಬಲ್ಲುದು. 2004ರಲ್ಲಿ ಬಂದು 2011ರಲ್ಲಿ ನಿಂತುಹೋದ ಗೂಗಲ್ ಡೆಸ್ಕ್‌ಟಾಪ್ ಅಂತೂ ನಾವು ನೋಡಿದ ಜಾಲಪುಟಗಳ ಪ್ರತಿಯನ್ನೂ ಕೂಡಿಡುತ್ತಿದ್ದಿತು. ಅದು ಸೇವಕನಿಗಿಂತ ಶಾನುಭೋಗನಾಗಿಯೇ ಹೆಚ್ಚು ದುಡಿಯಿತೆನ್ನಬೇಕು.

ಇನ್ನು ಮುಂದೆ ಹೀಗಾಗದಿರಲು ವಿಂಡೋಸ್‌ನಲ್ಲಿ ಒಬ್ಬೊಬ್ಬರಿಗೂ ಪಾಸ್‌ವರ್ಡ್ ಸಹಿತ ಪ್ರತ್ಯೇಕ ಖಾತೆಯನ್ನು ತೆರೆಯಿರಿ. ಅಡ್ಮಿನಿಸ್ಟ್ರೇಟರ್ ಅಧಿಕಾರವು ನಿಮ್ಮಲ್ಲಿಯೇ ಇರಲಿ. ಪತ್ರವನ್ನು ಎಲ್ಲರಿಗೂ ತೆರೆದಿರುವ ಡಿ ಡ್ರೈವ್‌ನಲ್ಲಿ ಬಿಡದೆ ನಿಮ್ಮ ಖಾತೆಯ ಡಾಕ್ಯುಮೆಂಟ್ಸ್‌ಗೆ ಸರಿಸಿರಿ. ಬ್ರಹ್ಮಾವರದ ಸೈಬರ್ ಅಂಗಡಿಯಲ್ಲಿ ಆಧಾರ್ ಮುದ್ರಿಸಿದಾಗಲಂತೂ, ಇಳಿಸಿಕೊಂಡ ಕಡತವನ್ನು ರೀಸೈಕಲ್ ಬಿನ್‌ನಿಂದಲೂ ಅಳಿಸಿಯೇ ಏಳಿರಿ.